ಮೂವತ್ತಮೂರು ಇನ್ನಿಂಗ್ಸ್ ಕಂಡ ಮೈದಾನ

ಆಟದ ಮೈದಾನದ ವಿಷಯ ನಮಗೇಕೆ ಎಂದು ಪುಟ ತಿರುಗಿಸಿಬಿಡಬೇಡಿ, ಸೋದರಿಯರೇ! ಕ್ರಿಕೆಟ್ ಶುರುವಾದರೆ ಮನೆಯ ಗಂಡಸರಿಗೆ ಕಾಫಿ ಆರಿದ್ದೂ ತಿಳಿಯುವುದಿಲ್ಲ ಎಂದು ಗೊಣಗುವವರಲ್ಲಿ ನಾನೂ ಒಬ್ಬಳು. ಆದರೆ ಅಮೆರಿಕದ ಒಂದು ಸಣ್ಣ ಊರಿನ ಬೇಸ್‌ಬಾಲ್ ಮೈದಾನದ ಕಥೆ ಮಾತ್ರ ನಿಮಗೆ ಹೇಳಲೇಬೇಕೆನ್ನಿಸಿದೆ. ಇದರಲ್ಲಿ ಆಟ ಸ್ವಲ್ಪ, ಊರ ಸಮಾಚಾರವೇ ಹೆಚ್ಚು.

ಊರಿನ ಹೆಸರು ಪಾಟಕೆಟ್. ಅಮೆರಿಕದ ರಾಜ್ಯಗಳಲ್ಲೆಲ್ಲ ಅತಿ ಚಿಕ್ಕದಾದ ರೋಡ್ ಐಲ್ಯಾಂಡಿನಲ್ಲಿ, ಬ್ಲ್ಯಾಕ್‌ಸ್ಟೋನ್ ನದಿಯ ದಂಡೆಯ ಮೇಲಿದೆ. ೧೭೯೩ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಎಂಬಾತ ಇಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಕಟ್ಟಿದ. ಆ ದೇಶದ ಬಟ್ಟೆ ಗಿರಣಿಗಳಿಗೆಲ್ಲ ಅದೇ ತವರು ಎನ್ನಬಹುದು. ಅಂದಿನಿಂದ ಊರು ತುಂಬ ಗಿರಣಿ ಕೆಲಸಗಾರರೇ. ಕಾಲ ಕಳೆದಂತೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಜನ ಮಾತ್ರ ಉಳಿದರು. ಅಂಥ ಊರಿಗೆ ಸಂಜೆ ಹೊತ್ತು ಕಡಿಮೆ ಖರ್ಚಿನಲ್ಲಿ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹೋಗಿಬರುವ ಜಾಗ ಒಂದಿತ್ತು. ಅದೇ ಮೆಕಾಯ್ ಸ್ಟೇಡಿಯಂ.

ಥಾಮಸ್ ಮೆಕಾಯ್ ಎಂಬುವರು ಆ ಊರಿನ ಮೇಯರ್. ಹ್ಯಾಮಂಡ್ ಪಾಂಡ್ ಎಂಬ ಜೌಗು ಕೆರೆಯಂಗಳದಲ್ಲಿ ಸ್ಟೇಡಿಯಂ ಕಟ್ಟಿಸುತ್ತೇನೆಂದು ಹೊರಟರು. ಎಷ್ಟು ಮಣ್ಣು ಸುರಿದರೂ ಕೆಸರು ನುಂಗುತ್ತಿತ್ತಂತೆ! ಖರ್ಚು ಹತ್ತು ಲಕ್ಷ ಡಾಲರಿಗೂ ಮೀರಿತು. ಆ ಕಾಲಕ್ಕೆ ಅದು ಸಾಮಾನ್ಯ ಮೊತ್ತವೇ? ಇದು ಮೇಯರ್ ಸಾಹೇಬರ ಹುಚ್ಚಾಟ ಎಂದು ಊರವರು ಆಡಿಕೊಂಡರು. ೧೯೪೨ರಲ್ಲಿ ಮೈದಾನ ಆಟಕ್ಕೆ ತೆರೆಯಿತು. ೧೯೪೫ರಲ್ಲಿ ಮೆಕಾಯ್ ತೀರಿಕೊಂಡರು. ಮರುವರ್ಷ ಆಡಿಕೊಂಡಿದ್ದ ಊರೇ ಅದಕ್ಕೆ ಅವರ ಹೆಸರಿಟ್ಟಿತು.

ಬೇಸ್‌ಬಾಲ್ ಎಂದರೆ ನಮ್ಮ ಕ್ರಿಕೆಟ್ಟಿನ ದಾಯಾದಿ ಎನ್ನಿ. ಅಲ್ಲಿ ದೊಡ್ಡ ತಂಡಗಳ ಕೈಕೆಳಗೆ ಸಣ್ಣ ಊರುಗಳಲ್ಲಿ ಕಿರಿಯ ತಂಡಗಳಿರುತ್ತವೆ. ರಣಜಿ ಆಡಿ ಆಡಿ ಇಂಡಿಯಾ ಟೀಮಿನ ಕರೆಗೆ ಕಾಯುವ ಹುಡುಗರ ಹಾಗೆ, ಅಲ್ಲಿನ ಹುಡುಗರೂ ಈ ಊರುಗಳಲ್ಲಿ ಆಡುತ್ತಾ ಮೇಲಿನ ಕರೆಗೆ ಕಾಯುತ್ತಾರೆ. ಕೆಲವರಿಗೆ ಬರುತ್ತದೆ, ಬಹಳ ಜನಕ್ಕೆ ಬರುವುದೇ ಇಲ್ಲ. ೧೯೭೩ರಿಂದ ಪಾಟಕೆಟ್‌ನಲ್ಲಿದ್ದದ್ದು ಬಾಸ್ಟನ್ ರೆಡ್ ಸಾಕ್ಸ್‌ನ ತೀರಾ ಹತ್ತಿರದ ಕಿರಿಯ ತಂಡ. ಇಲ್ಲಿಂದ ಬಾಸ್ಟನ್ನಿಗೆ ಒಂದೇ ಮೆಟ್ಟಿಲು.

ಆದರೂ ೧೯೭೬ರ ಹೊತ್ತಿಗೆ ತಂಡ ದಿವಾಳಿ ಎದ್ದಿತ್ತು. ಆಗ ಬಂದವರು ಬೆನ್ ಮಾಂಡರ್. ಬಟ್ಟೆ ಗಿರಣಿಗಳನ್ನು ನಡೆಸಿ ನಿವೃತ್ತರಾಗಿದ್ದವರು, ೧೯೭೭ರಲ್ಲಿ ತಂಡವನ್ನು ಕೊಂಡರು. ಗುಡಿಸಿ ತೊಳೆದು ಬಣ್ಣ ಹೊಡೆಸಿದರು, ಟಿಕೆಟ್ ದರ ಕಡಿಮೆಯಾಗಿಯೇ ಇಟ್ಟರು, ಕಾರು ನಿಲ್ಲಿಸಲು ಕಾಸು ಕೇಳಲಿಲ್ಲ. ಮನೆ ನಡೆಸುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಟಿಕೆಟ್ಟು ಅಗ್ಗವಾದರೆ ಅಪ್ಪನೊಬ್ಬನೇ ಹೋಗುವುದಿಲ್ಲ, ಹೆಂಡತಿ, ಮಕ್ಕಳು, ಅಜ್ಜಿ ಎಲ್ಲರೂ ಹೊರಡುತ್ತಾರೆ. ೧೯೯೯ರಲ್ಲಿ ಹತ್ತು ಸಾವಿರ ಜನ ಕೂರುವಂತೆ ಮೈದಾನವನ್ನು ದೊಡ್ಡದು ಮಾಡಿದರು. ಆಮೇಲಿನ ಒಳ್ಳೆಯ ವರ್ಷಗಳಲ್ಲಿ ೬ ಲಕ್ಷಕ್ಕೂ ಮೀರಿ ಜನ ಬಂದದ್ದುಂಟು.

ಇನ್ನು ಆ ರಾತ್ರಿಯ ಕಥೆ. ೧೯೮೧ರ ಏಪ್ರಿಲ್ ೧೮, ಶನಿವಾರ, ಮರುದಿನ ಈಸ್ಟರ್ ಹಬ್ಬ. ರಾಚೆಸ್ಟರ್ ತಂಡದೊಂದಿಗೆ ಪಂದ್ಯ. ದೀಪ ಕೈಕೊಟ್ಟು ಆಟ ತಡವಾಗಿ ಶುರುವಾಯಿತು. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್. ಸಮ ಆದರೆ ಒಬ್ಬರು ಗೆಲ್ಲುವ ತನಕ ಆಡುತ್ತಲೇ ಇರಬೇಕು. ಇವರದು ಸಮ ಆಯಿತು. ಹತ್ತು, ಹದಿನೈದು, ಇಪ್ಪತ್ತು ಇನ್ನಿಂಗ್ಸ್ ಆದರೂ ಮುಗಿಯದು! ಇಪ್ಪತ್ತೊಂದರಲ್ಲಿ ರಾಚೆಸ್ಟರ್ ಒಂದು ರನ್ ಹೊಡೆದಾಗ ಸದ್ಯ ಮುಗಿಯಿತು ಎಂದುಕೊಂಡರೆ, ಪಾಟಕೆಟ್‌ನ ವೇಡ್ ಬಾಗ್ಸ್ ಹೊಡೆದು ಮತ್ತೆ ಸಮ ಮಾಡಿಬಿಟ್ಟ. ಕೊರೆಯುವ ಚಳಿ. ಹುಡುಗರು ಮುರಿದ ಬ್ಯಾಟುಗಳನ್ನೇ ಉರಿಸಿ ಕೈ ಕಾಯಿಸಿಕೊಂಡರು. ಇಂತಿಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬ ನಿಯಮ ಅಂಪೈರುಗಳ ಕೈಲಿದ್ದ ಪುಸ್ತಕದಲ್ಲಿ ಅಚ್ಚಾಗದೆ ಬಿಟ್ಟುಹೋಗಿತ್ತು. ಕೊನೆಗೆ ಲೀಗಿನ ಅಧ್ಯಕ್ಷರು ಫೋನಿನಲ್ಲಿ ಸಿಕ್ಕಿ ನಿಲ್ಲಿಸಿ ಎಂದ ಮೇಲೆ, ಮೂವತ್ತೆರಡನೇ ಇನ್ನಿಂಗ್ಸ್ ಮುಗಿಸಿ ಬೆಳಗಿನ ಜಾವ ೪ ಗಂಟೆ ೭ ನಿಮಿಷಕ್ಕೆ ಆಟ ನಿಲ್ಲಿಸಿದರು. ಆಗಲೂ ೨–೨ ಸಮ! ಸಾವಿರದ ಏಳುನೂರಕ್ಕೂ ಹೆಚ್ಚು ಪ್ರೇಕ್ಷಕರಲ್ಲಿ ಉಳಿದಿದ್ದವರು ೧೯ ಜನ.

ಲೂಯಿಸ್ ಅಪಾಂಟೆ ಎಂಬ ಬೌಲರ್ ತನ್ನ ಪಾಲಿನ ಆಟ ಮುಗಿಸಿ ಅಪರಾತ್ರಿಯಲ್ಲಿ ಮನೆಗೆ ಹೋದರೆ, ಇಷ್ಟು ಹೊತ್ತು ಯಾವ ಆಟ ನಡೆಯುತ್ತದೆ ಎಂದು ಹೆಂಡತಿ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡಳಂತೆ. ನಾವಾದರೂ ಅಷ್ಟೇ, ನಂಬುತ್ತಿದ್ದೆವೆಯೇ!

ಜೂನ್ ೨೩ಕ್ಕೆ ಆಟ ಮುಂದುವರಿಯಿತು. ಆಗ ದೊಡ್ಡ ತಂಡಗಳ ಆಟಗಾರರು ಮುಷ್ಕರ ಹೂಡಿದ್ದರಿಂದ ಪತ್ರಿಕೆಯವರೆಲ್ಲ ಇಲ್ಲಿಗೇ ನುಗ್ಗಿದರು. ಬಂದದ್ದೇ ಬಂತು, ಆಟ ಹದಿನೆಂಟು ನಿಮಿಷದಲ್ಲಿ ಮುಗಿದುಹೋಯಿತು. ಮೂವತ್ತಮೂರನೇ ಇನ್ನಿಂಗ್ಸ್‌ನಲ್ಲಿ ಡೇವ್ ಕೋಜಾ ಹೊಡೆದ ಚೆಂಡಿಗೆ ಮಾರ್ಟಿ ಬ್ಯಾರೆಟ್ ಓಡಿ ಬಂದು ಪಾಟಕೆಟ್ ೩–೨ರಲ್ಲಿ ಗೆದ್ದಿತು. ಒಟ್ಟು ೮ ಗಂಟೆ ೨೫ ನಿಮಿಷ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಪಂದ್ಯ ನಡೆದಿಲ್ಲ.

ಅಂದು ಆಡಿದವರಲ್ಲಿ ವೇಡ್ ಬಾಗ್ಸ್ ಮುಂದೆ ದೊಡ್ಡ ಹೆಸರು ಮಾಡಿದ. ರಾಚೆಸ್ಟರ್‌ನ ಕ್ಯಾಲ್ ರಿಪ್ಕನ್ ಮುಂದೆ ಒಂದೂ ರಜೆ ಹಾಕದೆ ಸತತ ೨೬೩೨ ಪಂದ್ಯ ಆಡಿ ದಾಖಲೆ ಮಾಡಿದ. ಗೆಲ್ಲಿಸಿದ ಕೋಜಾಗೆ ಮಾತ್ರ ಬಾಸ್ಟನ್ನಿನ ಕರೆ ಬರಲೇ ಇಲ್ಲ. ಆ ಚಳಿಯ ರಾತ್ರಿ ಕೊನೆಯ ತನಕ ಕುಳಿತಿದ್ದವರಲ್ಲಿ ಅವನ ಹೆಂಡತಿಯೂ ಇದ್ದಳು. ದಾಖಲೆ ಪುಸ್ತಕಕ್ಕಿಂತ ನನಗೆ ಅವಳೇ ಹೆಚ್ಚು ನೆನಪಾಗುತ್ತಾಳೆ.

೨೦೧೯ರ ಬೇಸಿಗೆಯಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಒಂದು ಸಂಜೆ ಅಲ್ಲಿ ಆಟ ನೋಡಿದೆ. ಆಟ ಅರ್ಧಂಬರ್ಧ ಅರ್ಥವಾಯಿತು ಅಷ್ಟೇ. ಬರ್ಫದ ನಿಂಬೆ ಶರಬತ್ತಿನಲ್ಲಿ ಸಿಪ್ಪೆಯ ಚೂರುಗಳೂ ಇದ್ದವು, ಚೆನ್ನಾಗಿತ್ತು. ಆದರೆ ನನ್ನ ಕಣ್ಣು ಹೋದದ್ದು ಮಕ್ಕಳ ಕಡೆಗೆ. ಆಟಗಾರರು ಕೂರುವ ಜಾಗ ಪ್ರೇಕ್ಷಕರ ಮೊದಲ ಸಾಲಿನ ಕೆಳಗೇ ಇತ್ತು. ಮಕ್ಕಳು ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ಕತ್ತರಿಸಿ, ಒಳಗೆ ಚೆಂಡು ಪೆನ್ನು ಇಟ್ಟು, ಬಾವಿಗೆ ಕೊಡ ಇಳಿಸಿದಂತೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಆಟಗಾರ ರುಜು ಹಾಕಿದರೆ ಮೇಲೆಳೆದುಕೊಳ್ಳುತ್ತಿದ್ದರು. “ದೊಡ್ಡಮ್ಮಾ, ಜೋರಾಗಿ ಎಳೀಬೇಡಿ, ಚೆಂಡು ಬಿದ್ದೋಗುತ್ತೆ!” ಎಂದು ತಂಗಿಯ ಮಗ ನನ್ನ ಕೈಗೆ ಹಗ್ಗ ಕೊಟ್ಟೂ ಕೊಡದ ಹಾಗೆ ಹಿಡಿದಿದ್ದ. ಆ ರುಜು ಯಾರದೋ ಏನೋ, ಓದಲಾಗಲಿಲ್ಲ.

ಅದು ಅಲ್ಲಿನ ಕೊನೆಯ ಬೇಸಿಗೆಯ ಆಟ. ಮಾಂಡರ್ ೨೦೧೦ರಲ್ಲಿ ತೀರಿಕೊಂಡಿದ್ದರು. ೨೦೧೫ರಲ್ಲಿ ಅವರ ಪತ್ನಿ ತಂಡವನ್ನು ಮಾರಿದರು. ಹೊಸ ಮಾಲೀಕರು ಹೊಸ ಸ್ಟೇಡಿಯಂ ಬೇಕೆಂದರು. ಸರಕಾರದ ಹಣ ಎಷ್ಟು, ಯಾರ ಪಾಲು ಎಷ್ಟು ಎಂದು ವರ್ಷಗಟ್ಟಲೆ ಚೌಕಾಸಿ ನಡೆಯಿತು. ೨೦೧೮ರ ಆಗಸ್ಟಿನಲ್ಲಿ, ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿಗೆ ಹೋಗುತ್ತೇವೆ ಎಂದು ಸಾರಿಬಿಟ್ಟರು. ಶಾಲೆ ಆಸ್ಪತ್ರೆಗೆ ಬೇಕಾದ ಹಣವನ್ನು ಆಟಕ್ಕೆ ಕೊಡುವುದೇ ಎಂದು ಕೇಳುವವರ ಮಾತೂ ಸುಳ್ಳಲ್ಲ. ಆದರೆ ದಿವಾಳಿಯ ಕಾಲದಲ್ಲೂ ಟಿಕೆಟ್ ಕೊಂಡು ಬಂದ ಆ ಊರವರನ್ನು ನೆನೆದರೆ ನನಗೆ ಸಂಕಟವೇ ಆಗುತ್ತದೆ.

೨೦೨೦ರಲ್ಲಿ ಬೀಳ್ಕೊಡುಗೆಯ ಆಟವಾದರೂ ಆಗಬೇಕಿತ್ತು. ಕೊರೋನಾ ಬಂದು ಅದೂ ತಪ್ಪಿತು. ಆ ಬೇಸಿಗೆಯಲ್ಲಿ ಹುಲ್ಲಿನ ಮೇಲೆ ದೂರ ದೂರ ಮೇಜು ಹಾಕಿ ಊಟ ಬಡಿಸಿದರು. ಕಟಕಟೆಯಾಚೆಯಿಂದಷ್ಟೇ ನೋಡಿದ್ದ ನೆಲದ ಮೇಲೆ ಸಂಸಾರಗಳು ಕುಳಿತು ಉಂಡೆದ್ದವು. ೨೦೨೧ರಿಂದ ತಂಡ ವೂಸ್ಟರ್‌ನಲ್ಲಿ ಆಡುತ್ತಿದೆ.

ಊರಿನ ಎರಡು ಹಳೆಯ ಹೈಸ್ಕೂಲುಗಳನ್ನು ಕೂಡಿಸಿ ಆ ಜಾಗದಲ್ಲಿ ಒಂದು ಹೊಸ ಹೈಸ್ಕೂಲು ಕಟ್ಟಲು ೨೦೨೨ರ ನವೆಂಬರಿನಲ್ಲಿ ಊರವರೇ ಮತ ಹಾಕಿ ಒಪ್ಪಿದರು. ೨೦೨೫ರಲ್ಲಿ ಸ್ಟೇಡಿಯಮ್ಮನ್ನು ಕೆಡವಿದರು. ತಂಗಿಯ ಮಗನ ಕಪಾಟಿನಲ್ಲಿ ಆ ಚೆಂಡು ಇನ್ನೂ ಇದೆಯಂತೆ. ಶಾಯಿ ಮಾಸುತ್ತಾ ಬಂದಿದೆ ಎಂದು ತಂಗಿ ಹೇಳಿದಳು.