ಅಲಿಪುರದ ಚಳಿ, ನವಿಲಿನ ಕಾಲು

ಕಲ್ಕತ್ತೆಯ ಚಳಿಯನ್ನು ಅಳೆಯುವುದು ನಮ್ಮ ಅಲಿಪುರದಲ್ಲಿ. ಇಲ್ಲಿನ ಹವಾಮಾನ ಕಚೇರಿಯ ಅಂಕಿಯೇ ಮರುದಿನ ಪತ್ರಿಕೆಯಲ್ಲಿ ಇಡೀ ಊರಿನ ಅಂಕಿಯಾಗಿ ಬರುತ್ತದೆ. ಅದು 14 ಡಿಗ್ರಿಗೆ ಇಳಿಯಿತೆಂದರೆ ಸಾಕು, ಟ್ರಂಕಿನೊಳಗಿನ ಮಂಕಿ ಕ್ಯಾಪುಗಳೆಲ್ಲ ಹೊರಬರುತ್ತವೆ. ಬೆಳಗಿನ ವಾಕಿಂಗಿಗೆ ಬರೀ ಸೆರಗು ಹೊದ್ದು ಹೊರಟರೆ ಪಕ್ಕದ ಮನೆಯಾಕೆ "ಠಾಂಡಾ ಲೇಗೆ ಜಾಬೇ" ಎಂದು ಗದರುತ್ತಾರೆ, ಶೀತ ಆಗಿಬಿಡುತ್ತದೆ ಎಂದು. ಮೈಸೂರಿನ ಮಾಗಿ ಚಳಿಯಲ್ಲಿ ಬೆಳೆದ ನನಗೆ ಇದೇನು ಮಹಾ ಎನ್ನಿಸಿದರೂ ಮರುಮಾತಾಡದೆ ಶಾಲು ತರುತ್ತೇನೆ.

ಇಂಥ ಊರಿನಲ್ಲಿ ಕುಳಿತು ಮೈನಸ್ 30 ಡಿಗ್ರಿ ಚಳಿಗೆ ಸಲಹೆ ಹೇಳುವ ಪ್ರಸಂಗ ಕಳೆದ ಜನವರಿಯಲ್ಲಿ ಬಂತು. ಮಗಳು, ಅಳಿಯ ಇರುವುದು ಕೆನಡಾದ ಎಡ್ಮಂಟನ್ ಹತ್ತಿರದ ಹಳ್ಳಿಯಲ್ಲಿ. ಪಕ್ಕದ ಜಮೀನಿನ ವೃದ್ಧ ದಂಪತಿಗಳು ನಮ್ಮ ನೀಲಿ ನವಿಲನ್ನೇ ಸಾಕಿದ್ದಾರೆ. ಒಂದು ಗಂಡು, ಮೂರು ಹೆಣ್ಣು. ಯಜಮಾನರಿಗೆ ಶಸ್ತ್ರಚಿಕಿತ್ಸೆ ಗೊತ್ತಾಗಿ, ಹತ್ತು ದಿನ ಹಕ್ಕಿಗಳನ್ನು ನೋಡಿಕೋ ಎಂದು ಮಗಳಿಗೆ ಒಪ್ಪಿಸಿದರು. ನವಿಲಿಗೆ ಒಂದೊಂದು ಕಾಲಿಗೆ ನಾಲ್ಕರಂತೆ ಎಂಟು ಬೆರಳು. ಆ ಗಂಡಿಗೆ ಹಿಂದಿನ ವರ್ಷದ ಹಿಮದಲ್ಲಿ ಎರಡು ಬೆರಳು ಕೊಳೆತು ಉದುರಿಹೋಗಿದ್ದವು. "ಇನ್ನೊಂದು ಹೋದರೆ ಅವರಿಗೆ ಹೇಗೆ ಮುಖ ತೋರಿಸಲಿ ಅಮ್ಮಾ? ನಿನ್ನ ಮನೆ ಹತ್ತಿರವೇ ಝೂ ಇದೆಯಲ್ಲ, ಯಾರನ್ನಾದರೂ ಕೇಳಿ ಹೇಳು" ಎಂದಳು.

ಝೂ ಹತ್ತಿರವೇನೋ ನಿಜ. ಬೆಲ್ವೆಡೇರ್ ರಸ್ತೆಯಲ್ಲಿ ರಾಷ್ಟ್ರೀಯ ಗ್ರಂಥಾಲಯ ದಾಟಿದರೆ ಬಂತು. (ಸ್ವತಂತ್ರ ಭಾರತದಲ್ಲಿ ಆ ಗ್ರಂಥಾಲಯವನ್ನು ಕಟ್ಟಿ ನಿಲ್ಲಿಸಿದವರು ಬಿ. ಎಸ್. ಕೇಶವನ್, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಆ ಗೇಟಿನ ಮುಂದೆ ಹಾದಾಗಲೆಲ್ಲ ನನಗೆ ತವರಿನವರ ಮನೆ ಕಂಡಷ್ಟು ಸಂತೋಷ!) ಝೂ ತೆರೆದದ್ದು 1876ರಲ್ಲಿ. ಅದರ ಮೊದಲ ಭಾರತೀಯ ಅಧೀಕ್ಷಕ ರಾಮಬ್ರಹ್ಮ ಸನ್ಯಾಲರು ಬಂಗಾಳದ ಹವೆಯಲ್ಲಿ ಪ್ರಾಣಿಪಕ್ಷಿಗಳನ್ನು ಸಾಕುವ ಬಗೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಕೈಪಿಡಿಯನ್ನೇ ಬರೆದರು. ಅದು ಅಚ್ಚಾದದ್ದು 1892ರಲ್ಲಿ, ನಮ್ಮ ಮೈಸೂರಿನ ಝೂ ಹುಟ್ಟಿದ ವರ್ಷದಲ್ಲೇ.

ಜನವರಿಯ ಝೂ ಎಂದರೆ ಜಾತ್ರೆ. ಕಿತ್ತಳೆ ಸಿಪ್ಪೆ, ಬಣ್ಣಬಣ್ಣದ ಸ್ವೆಟರು, ಕೈತಪ್ಪಿದ ಮಕ್ಕಳ ಅಳು. ವಾರದ ನಡುವೆ, ಬೆಳಿಗ್ಗೆಯೇ ಹೋದೆ. ನವಿಲುಗಳ ಹತ್ತಿರ ಕಸ ಗುಡಿಸುತ್ತಿದ್ದ ವಯಸ್ಸಾದ ಕೆಲಸಗಾರರೊಬ್ಬರಿಗೆ ನನ್ನ ಹರಕು ಬಂಗಾಳಿಯಲ್ಲಿ ವಿಷಯ ಹೇಳಿದೆ. ಮೈನಸ್ 30 ಎಂದಾಗ ಅವರು ಪೊರಕೆ ಕೆಳಗಿಟ್ಟರು. ಆಮೇಲೆ ಹೇಳಿದರು: "ಮಾಶಿಮಾ, ಇಲ್ಲಿಯ ಚಳಿ ನವಿಲಿಗೆ ಲೆಕ್ಕಕ್ಕಿಲ್ಲ. ನಮಗೆ ಭಯ ಮಳೆಗಾಲದ್ದು." ನವಿಲು ಒಣ ಕುರುಚಲು ಕಾಡಿನ ಹಕ್ಕಿ. ಗಂಗೆಯ ಕೆಸರಿನ ಈ ನೆಲದಲ್ಲಿ ಒದ್ದೆ ಮಣ್ಣು ಕೆದಕಿ ತಿಂದರೆ ಹೊಟ್ಟೆಹುಳು, ಭೇದಿ. ಹೊರಡುವಾಗ ಅವರು ತಿರುಗಿ ನನ್ನನ್ನೇ ಎರಡು ಪ್ರಶ್ನೆ ಕೇಳಿದರು. ಅಲ್ಲಿ ನೆಲ ಒಣಗಿದೆಯೇ? ರಾತ್ರಿ ಹಕ್ಕಿ ಯಾವುದರ ಮೇಲೆ ಕೂರುತ್ತದೆ?

ಆ ಎರಡು ಪ್ರಶ್ನೆಗಳನ್ನೇ ಮಗಳಿಗೆ ದಾಟಿಸಿದೆ. ಅವಳು ಓದಿ, ಅಲ್ಲಿನ ರೈತರನ್ನು ವಿಚಾರಿಸಿದಾಗ ಎಲ್ಲವೂ ಅದರ ಸುತ್ತಲೇ ನಿಂತಿತು. ಬೆಳೆದ ನೀಲಿ ನವಿಲಿನ ಮೈ ಗರಿಗಳೇ ಅದಕ್ಕೆ ರಜಾಯಿ. ಗರಿಯಿಲ್ಲದ್ದು ಕಾಲು. ದುಂಡನೆಯ ಕೋಲಿನ ಮೇಲೆ ಕೂತರೆ ಬೆರಳು ಸುತ್ತಿಕೊಂಡು ತುದಿಗಳು ಗಾಳಿಗೆ ಬಿದ್ದಿರುತ್ತವೆ. ಸುಮಾರು 4 ಅಂಗುಲ ಅಗಲದ ಹಲಗೆ ಕೊಟ್ಟರೆ ಪಾದ ಚಪ್ಪಟೆಯಾಗಿ ಊರಿ, ಎದೆಯ ಗರಿ ಅದರ ಮೇಲೆ ಕಂಬಳಿಯಂತೆ ಇಳಿಯುತ್ತದೆ. ಚಳಿಯೆಂದು ಕೊಟ್ಟಿಗೆಯ ಸಂದುಗಳನ್ನೆಲ್ಲ ಮುಚ್ಚಿಬಿಡೋಣ ಎಂದು ಯಾರಿಗಾದರೂ ತೋಚುತ್ತದೆ. ಹಾಗೆ ಮಾಡಿದರೆ ಹಕ್ಕಿಗಳ ಉಸಿರು, ಹಿಕ್ಕೆಗಳ ತೇವ ಒಳಗೇ ನಿಂತು, ಒದ್ದೆಯಾದ ಬೆರಳು ಬೇಗ ಹೆಪ್ಪುಗಟ್ಟುತ್ತದೆ. ಸೂರಿನ ಹತ್ತಿರ ಕಿಂಡಿ ತೆರೆದಿರಬೇಕು, ಕೂತ ಹಕ್ಕಿಗೆ ಮಾತ್ರ ಗಾಳಿ ಹೊಡೆಯಬಾರದು. ನಮ್ಮ ಹಳ್ಳಿಮನೆಗಳ ಬೆಳಕಿಂಡಿಯಂತೆ ಅನ್ನಿ. ಒಣಹುಲ್ಲಿನ ಮೇಲೆ ಬಿಸಿ ದೀಪ ತೂಗುಹಾಕುವುದು ಅಪಾಯ, ಬೆಂಕಿ ಹತ್ತಬಹುದು.

ಇನ್ನೊಂದು ಸಂಗತಿ ನನಗೆ ಹೊಳೆದೇ ಇರಲಿಲ್ಲ. ಅಲ್ಲಿ ಜನವರಿಯ ರಾತ್ರಿ 16 ಗಂಟೆ! ಕತ್ತಲಾದರೆ ನವಿಲು ಮೇವು ಮುಟ್ಟುವುದಿಲ್ಲ. ಹಾಗಾಗಿ ಸಂಜೆ ಸ್ವಲ್ಪ ಹೊತ್ತು ಸಣ್ಣ ಬಲ್ಬು ಹಾಕಿ, ಹೊಟ್ಟೆ ತುಂಬ ಜೋಳ ತಿನ್ನಿಸಿ ಮಲಗಿಸಬೇಕು. ನೀರು ಗಟ್ಟಿಯಾಗುವುದರಿಂದ ಆಗಾಗ ಬೆಚ್ಚಗಿನದು ಇಡಬೇಕು. ಗಂಡಿನ ಉದ್ದ ಗರಿಗಳು ಮಳೆಗಾಲದ ಕೊನೆಗೆ ಉದುರಿ ಮತ್ತೆ ಬೆಳೆಯುವ ಕಾಲ ಚಳಿಗಾಲ. ಅವು ಹಿಮದಲ್ಲಿ ಎಳೆದಾಡದಂತೆ ಹಲಗೆ ಎತ್ತರದಲ್ಲಿರಬೇಕು. ಬರ್ಮಾ, ಜಾವಾ ಕಡೆಯ ಹಸಿರು ನವಿಲಿಗಾದರೆ ಇಷ್ಟು ಸಾಲದು, ಬೆಚ್ಚಗಿನ ಮನೆಯೇ ಬೇಕು.

ನಮ್ಮ ದೇಶದಲ್ಲಿ ಈ ಉಪದ್ವ್ಯಾಪವಿಲ್ಲ. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಯಿತು, 1972ರ ಕಾಯ್ದೆಯಿಂದ ಅದಕ್ಕೆ ಪೂರ್ತಿ ರಕ್ಷಣೆ. ಆದಿಚುಂಚನಗಿರಿಯಲ್ಲೋ ಬಂಕಾಪುರದ ಕೋಟೆಯಲ್ಲೋ ಹೋಗಿ ನೋಡಿ ಬರಬಹುದು, ಮನೆಗೆ ತರುವಂತಿಲ್ಲ. ಅದೇ ಸರಿ.

ಅಳಿಯ ಹಲಗೆ ಬಡಿದ. ಮಗಳು ದಿನಾ ಹುಲ್ಲು ಬದಲಿಸಿದಳು. ಏಳನೆಯ ಸಂಜೆ ಗಾಳಿ ಎದ್ದಾಗ ಗಂಡು ಹೊರಗಿನ ಮರ ಬಿಟ್ಟಿಳಿಯದೆ ಹಟ ಹಿಡಿಯಿತಂತೆ. ಇವಳು ಕಡಲೆಕಾಯಿ ತೋರಿಸುತ್ತ ಮುಕ್ಕಾಲು ಗಂಟೆ ಮರದಡಿಯಲ್ಲಿ ನಿಂತಳು. ಕೊನೆಗೆ ಇಳಿಯಿತು, ಕೊಟ್ಟಿಗೆ ಸೇರಿತು. ಇವಳ ಕೈಬೆರಳು ಗಂಟೆಯ ಮೇಲೂ ಜೋಮು ಹಿಡಿದಿತ್ತು ಎಂದು ಅಳಿಯ ನನಗೆ ಆಮೇಲೆ ಹೇಳಿದ್ದು. ಆಸ್ಪತ್ರೆಯಿಂದ ಬಂದ ಮುದುಕರು ಮನೆಯೊಳಗೂ ಹೋಗದೆ, ಹೆಂಡತಿಯ ಭುಜ ಹಿಡಿದು ನೇರ ಕೊಟ್ಟಿಗೆಗೆ ನಡೆದು, ನವಿಲಿನ ಕಾಲು ಎತ್ತಿ ಬೆರಳೆಣಿಸಿದರಂತೆ.

ಆರೂ ಇದ್ದವು.