ಹೌಜ್ ಖಾಸಿನ ಬಾಗಿಲುಗಳು

ಊರಿನಿಂದ ನೆಂಟರು ಬಂದರೆ ಅವರನ್ನು ಕುತುಬ್ ಮಿನಾರಿಗೆ ಕರೆದೊಯ್ಯುವುದು ದಿಲ್ಲಿಯ ಕನ್ನಡಿಗರಲ್ಲಿ ನಡೆದುಬಂದ ಸಂಪ್ರದಾಯ. ಅದೇ ದಾರಿಯಲ್ಲಿ ತುಸು ಮೊದಲೇ ಇಳಿದರೆ ಹೌಜ್ ಖಾಸ್ ಸಿಕ್ಕುತ್ತದೆ. ಆದರೆ ಅಲ್ಲಿಗೆ ಹೋದವರೂ ಹಳ್ಳಿಯ ಹೋಟೆಲುಗಳನ್ನೂ ಬಟ್ಟೆಯಂಗಡಿಗಳನ್ನೂ ನೋಡಿ ಹಿಂದಿರುಗುತ್ತಾರೆಯೇ ಹೊರತು, ಓಣಿಯ ಕೊನೆಯಲ್ಲಿರುವ ಕೆರೆಯ ತನಕ ಹೋಗುವವರು ಕಡಿಮೆ.

ಹೌಜ್ ಎಂದರೆ ಕೆರೆ. ಖಾಸ್ ಎಂದರೆ ಅರಸರಿಗೆ ಸೇರಿದ್ದು. ಅಲ್ಲಾವುದ್ದೀನ್ ಖಲ್ಜಿ ತನ್ನ ಸಿರಿ ಪಟ್ಟಣದ ನೀರಿಗಾಗಿ 1300ರ ಸುಮಾರಿಗೆ ಇದನ್ನು ತೋಡಿಸಿದನು. ಕಾಲಕ್ರಮದಲ್ಲಿ ಹೂಳು ತುಂಬಿತು. ಫಿರೋಜ್ ಷಾ ತುಘಲಕನು ಹೂಳೆತ್ತಿಸಿ, 1352ರಲ್ಲಿ ದಂಡೆಯ ಮೇಲೆ ಒಂದು ಮದರಸಾ ಕಟ್ಟಿಸಿದನು. ಕಟ್ಟಡದ ಒಂದು ತೋಳು ಸುಮಾರು 76 ಮೀಟರು, ಇನ್ನೊಂದು 138 ಮೀಟರು. ಎರಡೂ ಸೇರುವ ಮೂಲೆಯಲ್ಲಿ 1388ರಲ್ಲಿ ತೀರಿಕೊಂಡ ಸುಲ್ತಾನನ ಗೋರಿ. ಮೇಲಂತಸ್ತಿನಲ್ಲಿ ಕೆರೆಯ ಕಡೆಗೆ ತೆರೆದ ಕಂಬಸಾಲಿನ ಪಡಸಾಲೆಗಳು. ಕೆಳಗೆ ಇಕ್ಕಟ್ಟಾದ ಬಾಗಿಲಿನ ಪುಟ್ಟ ಪುಟ್ಟ ಕತ್ತಲೆಯ ಕೋಣೆಗಳು. ಇಲ್ಲಿಗೆ ಬಂದುಹೋದ ಮುತಹ್ಹರ್ ಎಂಬ ಕವಿ ಇಲ್ಲಿನ ವಿದ್ಯೆಯನ್ನು ಮಾತ್ರವಲ್ಲ, ಊಟವನ್ನೂ ಹೊಗಳಿ ಬರೆದಿದ್ದಾನೆ. ಅತಿಥಿಯೆಂದರೆ ಹಾಗಿರಬೇಕು! ಕರೆಯದೆ ಬಂದ ಅತಿಥಿಯೂ ಒಬ್ಬನಿದ್ದ. 1398ರಲ್ಲಿ ದಿಲ್ಲಿಯ ಸೈನ್ಯವನ್ನು ಸೋಲಿಸಿದ ತೈಮೂರ್ ಬೀಡುಬಿಟ್ಟದ್ದು ಇದೇ ಕೆರೆಯ ದಂಡೆಯಲ್ಲಿ.

ಹತ್ತು ಜನ ಸೇರುವ ಜಾಗಕ್ಕೆ ಮುತಹ್ಹರನೂ ಬರುತ್ತಾನೆ, ತೈಮೂರನೂ ಬರುತ್ತಾನೆ. ಬಾಗಿಲು ಕಾಯುವವನ ಕಷ್ಟ ಇದೇ. ಈ ಕಷ್ಟ ನಮ್ಮ ಪಾಲಿಗೂ ಬಂದದ್ದರಿಂದಲೇ ಈ ಲೇಖನ.

ಈ ಕೆರೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ಮನೆಯ ಕೆಳಗಿನ ಕೋಣೆಯನ್ನು ನಾವು ಒಂಬತ್ತು ಕುಟುಂಬಗಳವರು ಬಾಡಿಗೆಗೆ ಹಿಡಿದಿದ್ದೇವೆ. ಅಲ್ಲಿ ಬಡಗಿಯ ಮೇಜು, ವಿದ್ಯುತ್ ಗರಗಸ, ಡ್ರಿಲ್ಲಿಂಗ್ ಯಂತ್ರ, ಎರಡು ಹೊಲಿಗೆಯಂತ್ರ ಇವೆ. ಬಾಡಿಗೆಮನೆಯಲ್ಲಿ ಒಂದು ಮೊಳೆ ಹೊಡೆದರೆ ಮಾಲೀಕ ಮೇಲಿಂದ ಇಳಿದು ಬರುವ ಈ ಊರಿನಲ್ಲಿ, ಮನಸ್ಸು ಬಿಚ್ಚಿ ಸುತ್ತಿಗೆ ಬೀಸಲು ಒಂದು ಜಾಗವಿರುವುದು ಸಣ್ಣ ಭಾಗ್ಯವಲ್ಲ. ಮಕ್ಕಳು ಗೊಂಬೆಹಬ್ಬದ ಮೆಟ್ಟಿಲುಗಳನ್ನು ಅಲ್ಲೇ ಮಾಡಿದರು.

ಮೊದಲು ಐದು ಕೀಲಿಕೈ ಇದ್ದುವು. ವರ್ಷ ಕಳೆಯುವುದರೊಳಗೆ ಎಷ್ಟಾದುವೆಂದು ಯಾರಿಗೂ ತಿಳಿಯದಾಯಿತು. ಬೀದಿಯ ಕೀಲಿಯವನು ಹತ್ತು ನಿಮಿಷದಲ್ಲಿ ಇನ್ನೊಂದನ್ನು ಉಜ್ಜಿಕೊಡುತ್ತಾನಲ್ಲ. ಆಮೇಲೆ ಅಂಕೆ ಒತ್ತುವ ಬೀಗ ಬಂತು. ಆ ನಾಲ್ಕು ಅಂಕೆಗಳು ಒಂದೇ ತಿಂಗಳಲ್ಲಿ ಭಾವಮೈದುನರನ್ನೂ ಅವರ ಗೆಳೆಯರನ್ನೂ ತಲುಪಿದುವು. ಒಂದು ಭಾನುವಾರ ಸಡಿಲ ತೋಳಿನ ಅಂಗಿ ತೊಟ್ಟ ಹುಡುಗನೊಬ್ಬ ಗರಗಸ ಚಾಲೂ ಮಾಡಿದ. ತೋಳು ಹಲ್ಲಿಗೆ ಸಿಕ್ಕಿತು. ಪಕ್ಕದಲ್ಲಿದ್ದವರು ಸ್ವಿಚ್ಚು ಆರಿಸಿದ್ದರಿಂದ ಅಂಗಿ ಹರಿಯಿತು, ಬೆರಳು ಉಳಿಯಿತು. ಅವನು ಯಾರ ಮನೆಯ ಹುಡುಗ? ಇವರ ಜೊತೆ ಬಂದವನೆಂದು ಅವರೂ, ಅವರ ಜೊತೆ ಬಂದವನೆಂದು ಇವರೂ ತಿಳಿದಿದ್ದರು.

ಆ ಸಂಜೆ ಸಭೆ ಸೇರಿತು. ಇನ್ನು ಹೊರಗಿನವರೇ ಬೇಡವೆಂದು ಕೆಲವರ ವಾದ. ಮೈಸೂರಿನ ಕಡೆಯ ಅಜ್ಜಿಯೊಬ್ಬರು ಹೊಲಿಗೆಯಂತ್ರದ ಬಳಿಯಿಂದಲೇ, "ಮನೆಗೆ ಬಂದ ನೆಂಟರನ್ನು ಬಾಗಿಲಲ್ಲಿ ನಿಲ್ಲಿಸಿ ನಂಬರು ಕೇಳುವುದೇನಪ್ಪ?" ಎಂದರು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, "ಅಮ್ಮಾ, ನೆಂಟರಿಗೆ ಕಾಫಿ ಕೊಡೋಣ, ಗರಗಸ ಕೊಡುವುದು ಬೇಡ" ಎಂದು ಸಮಾಧಾನ ಹೇಳಿದರು. ನಮಗೆ ಇಬ್ಬರ ಮಾತೂ ಸರಿಯೆನಿಸಿತು. ಬಾಗಿಲೂ ಯಂತ್ರವೂ ಬೇರೆ ಬೇರೆ. ಎರಡಕ್ಕೂ ಒಂದೇ ಕೀಲಿ ಇಟ್ಟುಕೊಂಡದ್ದರಿಂದ ಬಂದ ತೊಂದರೆ ಅದು.

ಈಗ ಗರಗಸದ ಸ್ವಿಚ್ಚಿಗೆ ಪ್ರತ್ಯೇಕ ಬೀಗವಿದೆ. ಫೋರ್‌ಮನ್ ರಾಯರಿಂದ ಕಲಿತವರ ಕೈಗೆ ಮಾತ್ರ ಅದರ ಕೀಲಿ. ಬಾಗಿಲಿಗೆ ಕಾರ್ಡಿನ ಬೀಗ ಹಾಕಿಸಿದ್ದೇವೆ. ಒಬ್ಬರ ಕಾರ್ಡು ಕಳೆದರೆ ಅದೊಂದನ್ನೇ ರದ್ದು ಮಾಡಬಹುದು, ಬೀಗ ಬದಲಿಸಬೇಕಾಗಿಲ್ಲ. ಆದರೆ ಯಾರು ತೆರೆದರೆಂದು ಬೀಗ ಹೇಳೀತು. ಅವರ ಬೆನ್ನ ಹಿಂದೆ ಯಾರು ಬಂದರೆಂದು ಹೇಳಲಾರದು. ಅದಕ್ಕಾಗಿ ಬಾಗಿಲ ಬಳಿ ದಾರಕ್ಕೆ ಕಟ್ಟಿದ ಒಂದು ನೋಟುಪುಸ್ತಕವಿದೆ: ಬಂದವರ ಹೆಸರು, ಕರೆತಂದವರ ಹೆಸರು. ಕರೆತಂದವರು ಹೊರಟಾಗ ಅತಿಥಿಯೂ ಹೊರಡಬೇಕು. ಕಚೇರಿಯ ರಿಜಿಸ್ಟರಿನಲ್ಲಿ ದಿನವೆಲ್ಲ ಮುಳುಗಿರುವ ನಮಗೆ ಭಾನುವಾರವೂ ರಿಜಿಸ್ಟರೇ ಗತಿಯೆಂದು ಮನೆಯವರು ನಗುತ್ತಾರೆ.

ಬೀಗದ ವ್ಯಾಪಾರಿ ಮೊದಲು ತೋರಿಸಿದ್ದು ಒಳಗಿನಿಂದಲೂ ಕಾರ್ಡು ಕೇಳುವ ಮಾದರಿ. ಯಾರು ಎಷ್ಟು ಹೊತ್ತಿಗೆ ಹೋದರೆಂಬ ಲೆಕ್ಕವೂ ಸಿಗುತ್ತದೆಂದು ಅವನ ಆಸೆ ತೋರಿಕೆ. ನಾವು ಒಪ್ಪಲಿಲ್ಲ. ಹೌಜ್ ಖಾಸಿನ ನೆರೆಯಲ್ಲೇ, ಗ್ರೀನ್ ಪಾರ್ಕಿನಲ್ಲಿ, ಉಪಹಾರ್ ಚಿತ್ರಮಂದಿರವಿದ್ದದ್ದು. 1997ರ ಜೂನ್ 13ರಂದು ಕೆಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಬೆಂಕಿ ಹತ್ತಿ ಹೊಗೆ ಮೇಲೇರಿತು. ಬಾಲ್ಕನಿಯ ಒಂದು ಬದಿಯ ದಾರಿಯನ್ನು ಹೆಚ್ಚಿನ ಕುರ್ಚಿಗಳಿಗಾಗಿ ಮುಚ್ಚಿದ್ದರು. 59 ಜನ ಸತ್ತರು. ಮಕ್ಕಳೊಡನೆ ಸಿನಿಮಾ ನೋಡಲು ಬಂದ ಸಂಸಾರಸ್ಥರು. ಮರದ ಹೊಟ್ಟೂ ವಾರ್ನಿಷೂ ಇರುವ ಕೋಣೆಯಲ್ಲಿ, ಹೊಗೆಯ ನಡುವೆ ಜೇಬಿನಲ್ಲಿ ಕಾರ್ಡು ತಡಕುವುದೆಂದರೇನು? ಆ ಅತಿಥಿಯ ಬಳಿಯಂತೂ ಕಾರ್ಡೇ ಇರುವುದಿಲ್ಲ. ಆದ್ದರಿಂದ ಒಳಗಿನಿಂದ ಒಂದು ಹಿಡಿ ತಿರುಗಿಸಿದರೆ ತೆರೆಯುವಂತೆ ಮಾಡಿಸಿದೆವು. ಬೀಗವೂ ಅಯಸ್ಕಾಂತದ್ದು; ಕರೆಂಟು ಹೋದರೆ ತಾನಾಗಿ ಬಿಡುತ್ತದೆ. ಕರೆಂಟು ಹೋದಾಗ ಕಳ್ಳ ಬಂದರೆ ಎಂದು ಕೇಳಿದವರಿದ್ದರು. ಒಳಗೆ ಯಾರೂ ಇಲ್ಲದಾಗ ಹೊರಗಿನಿಂದ ಹಳೆಯ ಕಬ್ಬಿಣದ ಬೀಗ ಹಾಕುತ್ತೇವೆ, ಅಷ್ಟೆ. ಹಾಕುವ ಮೊದಲು ಪುಸ್ತಕ ನೋಡಿ, ಒಳಗೊಮ್ಮೆ ಕೂಗಿ, ಎಲ್ಲರೂ ಹೊರಟರೆಂದು ಖಚಿತಪಡಿಸಿಕೊಳ್ಳುವುದು ಕೊನೆಗೆ ಹೊರಡುವವರ ಕೆಲಸ.

ಬರಬೇಕೆನ್ನುವ ಕುಟುಂಬಗಳಿಗೆ ಭಾನುವಾರ ಬೆಳಿಗ್ಗೆ ಅನುಕೂಲ. ಒಂಬತ್ತು ಮನೆಗಳಲ್ಲಿ ಯಾರಿಗಾದರೂ ಮೊದಲೇ ತಿಳಿಸಿರಿ. ಅವರ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲಿ ಬರುತ್ತದೆ. ಸಡಿಲ ತೋಳೂ ಚಪ್ಪಲಿಯೂ ಬೇಡ. ಮೆಟ್ರೋದಲ್ಲಿ ಬರುವವರು ಹೌಜ್ ಖಾಸ್ ಎಂಬ ಹೆಸರು ನೋಡಿ ಇಳಿಯದೆ ಗ್ರೀನ್ ಪಾರ್ಕಿನಲ್ಲಿ ಇಳಿದರೆ ಹಳ್ಳಿಗೆ ದಾರಿ ಹತ್ತಿರ. ಕೆರೆಯನ್ನೂ ನೋಡುವುದಾದರೆ ಕತ್ತಲಾಗುವ ಮೊದಲೇ ಹೋಗಿರಿ; ಅಲ್ಲಿಯ ಬಾಗಿಲು ನಮ್ಮ ಕೈಯಲ್ಲಿಲ್ಲ.