ನಲವತ್ತೈದು ಬೀಜದ ಎಸ್ಟೇಟು

ಕಾಫಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ತಾಳ್ಮೆಯಿಲ್ಲ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಸುರಿದವರು ಎರಡು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕುತ್ತಾರೆ. ಡಿಕಾಕ್ಷನ್ ಇಳಿಯದಿದ್ದರೆ ಫಿಲ್ಟರಿನ ತಲೆಗೆ ಚಮಚದಲ್ಲಿ ಎರಡು ಬಡಿಯುತ್ತಾರೆ. ಇಂಥ ಮನೆಗೆ ಆರು ವರ್ಷದ ಹಿಂದೆ ಒಂದು ಕಾಫಿ ಗಿಡ ಬಂತು.

ತಂದವನು ನಾನೇ. ಮೂಡಿಗೆರೆ ಕಡೆ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದಾಗ ನರ್ಸರಿಯ ಪ್ಲಾಸ್ಟಿಕ್ ಚೀಲಗಳಲ್ಲಿ ಗೇಣುದ್ದದ ಅರೇಬಿಕಾ ಸಸಿಗಳು ಸಾಲಾಗಿ ಕೂತಿದ್ದವು. ಒಂದನ್ನು ಕೇಳಿದೆ. "ಬೆಂಗಳೂರಲ್ಲಿ ಇದನ್ನಿಟ್ಕೊಂಡು ಏನ್ ಮಾಡ್ತೀಯ?" ಅಂದರು. "ನಮ್ಮನೆ ಕಾಫಿ ನಾವೇ ಬೆಳ್ಕೊಳ್ತೀವಿ" ಅಂದೆ. ಚಿಕ್ಕಪ್ಪ ನಗಲಿಲ್ಲ. ಐವತ್ತು ವರ್ಷ ಮೋಡದ ಮುಖ ನೋಡಿಕೊಂಡು ಬದುಕಿದವರು ಅಷ್ಟು ಸುಲಭಕ್ಕೆ ನಗುವುದಿಲ್ಲ.

ಕುಂಡದಲ್ಲಿಟ್ಟ ಮೇಲೆ ಗಿಡ ನೋಡಲು ಲಕ್ಷಣವಾಗಿಯೇ ಇತ್ತು. ಎದುರುಬದುರಾಗಿ ಜೋಡಿ ಎಲೆ, ಎಣ್ಣೆ ಸವರಿದಂಥ ಹೊಳಪು, ಅಂಚಿನಲ್ಲಿ ಸಣ್ಣ ಅಲೆ. ಹಿತ್ತಲಿನ ಕೇಪಳವೂ ಬನವಾಸಿಯನ್ನು ನೆನಪಿಸುವ ಕದಂಬವೂ ಕಾಫಿಯ ಕುಟುಂಬದವೇ ಎಂದು ತಿಳಿದ ದಿನ, ಸೊಸೆಯ ಕಡೆಯವರು ನಮ್ಮ ನೆಂಟರೇ ಎಂದು ಗೊತ್ತಾದಷ್ಟು ಸಮಾಧಾನವಾಯಿತು.

ಆದರೆ ನೆಂಟಸ್ತಿಕೆ ಗೊತ್ತಾದ ಮಾತ್ರಕ್ಕೆ ಸ್ವಭಾವ ಗೊತ್ತಾಗುವುದಿಲ್ಲ. ಗಿಡವೆಂದ ಮೇಲೆ ಬಿಸಿಲು ಬೇಡವೇ ಎಂದು ಪಶ್ಚಿಮದ ಬಾಲ್ಕನಿಯಲ್ಲಿಟ್ಟೆ. ವಾರದಲ್ಲಿ ಎಲೆ ಕಾವಲಿಯ ಮೇಲೆ ಬಿಟ್ಟ ದೋಸೆಯಂತೆ ಕಂದಿತು. ಇಥಿಯೋಪಿಯಾದ ಕಾಡಿನಲ್ಲಿ ದೊಡ್ಡ ಮರಗಳ ಕಾಲಬುಡದಲ್ಲಿ ಬೆಳೆದ ಜೀವ ಇದು. ನಮ್ಮ ತೋಟಗಳಲ್ಲೂ ಹಾಲುವಾಣ, ಅತ್ತಿ, ಬಸರಿ, ಸಿಲ್ವರ್ ಓಕ್‌ಗಳ ನೆರಳಿಲ್ಲದೆ ಇದರ ಸಂಸಾರ ನಡೆಯದು. ಬಾಲ್ಕನಿಯಲ್ಲಿ ಹಾಲುವಾಣ ಎಲ್ಲಿ ತರಲಿ? ಗ್ರಿಲ್ಲಿಗೆ ನನ್ನ ಹಳೆಯ ಪಂಚೆ ಕಟ್ಟಿದೆ. ಕೊಂಬೆ ಸವರುವ ಮರಗಸಿಯ ಖರ್ಚಿಲ್ಲದ ನೆರಳು.

ಎರಡನೆಯ ಉಪಕಾರ ಇನ್ನೂ ದೊಡ್ಡದು. ಕಾಫಿಗೆ ಕಾಫಿಯೇ ಗೊಬ್ಬರವೆಂದು ದಿನಾ ಫಿಲ್ಟರಿನ ಚರಟವನ್ನು ಬುಡಕ್ಕೆ ಸುರಿದೆ. ಅದು ಪದರ ಪದರವಾಗಿ ಹೆಪ್ಪುಗಟ್ಟಿ ನೀರು ಒಳಗಿಳಿಯದಂತೆ ಮುಚ್ಚಳವಾಯಿತು. ಫಿಲ್ಟರು ಬ್ಲಾಕ್ ಆದರೆ ಬಡಿಯಬಹುದು, ಕುಂಡಕ್ಕೆ ಬಡಿದರೇನು ಬಂತು? ಕೆರೆದು ತೆಗೆದು, ಎಲೆಗೊಬ್ಬರ ಮತ್ತು ಕೆಮ್ಮಣ್ಣು ಬೆರೆಸಿ, ಬುಡದಲ್ಲಿ ನೀರು ನಿಲ್ಲದಂತೆ ಹೊಸ ಕುಂಡಕ್ಕೆ ಬದಲಾಯಿಸಿದೆ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟು ಮಳೆನೀರು ಹಿಡಿದಿಟ್ಟು ಹಾಕತೊಡಗಿದೆ. ಮಗಳ ಶಾಲೆಯ ನೀರಿನ ಬಾಟಲಿ ಮರೆತರೂ ಗಿಡದ ನೀರು ಮರೆಯಲಿಲ್ಲ.

ಮೂರು ವರ್ಷ ಆಯಿತು, ನಾಲ್ಕಾಯಿತು. ಗಿಡ ನನ್ನ ಎದೆಮಟ್ಟ ಬಂತು. ಹೂವಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ನೀರು ಹೇಗೆ ಹಾಕ್ತೀಯ?"

"ಒಂದು ದಿನವೂ ತಪ್ಪಿಸಿಲ್ಲ ಚಿಕ್ಕಪ್ಪ."

"ಅದೇ ತಪ್ಪು. ಮೊದಲು ಒಣಗಲಿ ಬಿಡು."

ಕಾಫಿಗೆ ಮೊದಲು ಬಾಯಾರಬೇಕು. ಡಿಸೆಂಬರ್ ಕಳೆದ ಮೇಲೆ ಮಲೆನಾಡಿನಲ್ಲಿ ಮಳೆ ಕೈಬಿಡುತ್ತದೆ. ಗೆಣ್ಣುಗಳಲ್ಲಿ ಮೊಗ್ಗು ಅಕ್ಕಿಕಾಳಿನಂತೆ ಮೂಡಿ, ಅಲ್ಲೇ ಹಟ ಹಿಡಿದು ನಿಲ್ಲುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಒಂದು ದಿನ ಗುಡುಗಿ ಹೂಮಳೆ ಬಿದ್ದರೆ ಸರಿ, ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಗಿನಲ್ಲಿ ಬೆಳ್ಳಗಾಗುತ್ತದೆ. ಆ ಮಳೆ ಬರುವತನಕ ಬೆಳೆಗಾರರ ಮನೆಯಲ್ಲಿ ಮದುವೆಯ ಮಾತೂ ಸಾಲದ ಮಾತೂ ಮುಂದಕ್ಕೆ ಹೋಗುತ್ತವೆ. ನಾನು ಮಾಡಿದ್ದೇನು? ಬಾಯಾರಿಕೆಯೆಂದರೇನೆಂದು ತಿಳಿಯದ ಹಾಗೆ ಗಿಡವನ್ನು ಸಾಕಿದ್ದೆ. ಅದಕ್ಕೆ ಹೂ ಬಿಡುವ ಅವಸರವೇ ಇರಲಿಲ್ಲ.

ಮುಂದಿನ ಜನವರಿಯಲ್ಲಿ ನೀರಿನ ಕೈ ಹಿಡಿದೆ. ಎಲೆ ಜೋತುಬಿದ್ದಾಗಲೆಲ್ಲ ಹೊಟ್ಟೆ ಚುರುಕ್ ಎನ್ನುತ್ತಿತ್ತು. ಸಾಯದಷ್ಟು ಗುಟುಕು ಕೊಟ್ಟು ಸುಮ್ಮನಾಗುತ್ತಿದ್ದೆ. ಮಾರ್ಚಿನ ಮೊದಲ ವಾರ ಎರಡು ಕೊಡ ನೀರನ್ನು ಶವರಿನಂತೆ ತಲೆಯಿಂದಲೇ ಸುರಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆಗೆದರೆ ಮಲ್ಲಿಗೆಯ ವಾಸನೆ. ಕಾಫಿ ಹೂವಿನಲ್ಲಿ ಕಾಫಿಯ ವಾಸನೆ ಇರುವುದಿಲ್ಲವೆಂದು ನನ್ನ ಮಗಳಿಗೆ ಆವತ್ತು ಭಾರಿ ನಿರಾಸೆ. ಮೂರು ದಿನಕ್ಕೆ ಹೂ ಕಂದಿತು. ಅರೇಬಿಕಾ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುತ್ತದೆ, ಹಾಗಾಗಿ ಒಂಟಿ ಗಿಡವೂ ಬರಡಾಗಬೇಕಿಲ್ಲ. ರೋಬಸ್ಟಾಕ್ಕೆ ಮಾತ್ರ ಜೊತೆ ಬೇಕು. ಹಸಿರು ಮಿಡಿಗಳು ಮಳೆಗಾಲ ಪೂರ್ತಿ ಏನೂ ಆಗದವರಂತೆ ಕೂತು, ದೀಪಾವಳಿಯ ನಂತರ ಒಂದೊಂದಾಗಿ ಕೆಂಪಾದವು.

ಫಸಲು ಇಪ್ಪತ್ಮೂರು ಹಣ್ಣು. ಒಂದರಲ್ಲಿ ಒಂಟಿ ಬೀಜ, ತೋಟದವರು ಪೀಬಿ ಎನ್ನುವಂಥದು. ಒಟ್ಟು ನಲವತ್ತೈದು ಬೀಜ. ಬೀಥೋವನ್ ಒಂದು ಕಪ್ಪಿಗೆ ಅರವತ್ತು ಬೀಜ ಎಣಿಸಿ ಹಾಕುತ್ತಿದ್ದನಂತೆ. ಆ ಲೆಕ್ಕದಲ್ಲಿ ಆರು ವರ್ಷದ ನನ್ನ ಬೇಸಾಯ ಒಂದು ಕಪ್ಪಿಗೆ ಹದಿನೈದು ಬೀಜ ಕಡಿಮೆ. ನಮ್ಮೂರ ಹೋಟೆಲಿನ ಬೈಟು ಕಾಫಿಗೇ ಸರಿ.

ಫೋನಿನಲ್ಲಿ ಚಿಕ್ಕಪ್ಪ ಕೇಳಿದರು: "ಎಷ್ಟಾಯ್ತೋ ನಿನ್ ಎಸ್ಟೇಟಿಂದು?"

"ನಲವತ್ತೈದು."

"ಮೂಟೆಯಾ?"

"ಬೀಜ."

ಆರು ವರ್ಷದಿಂದ ಬಾಕಿಯಿದ್ದ ನಗು ಆವತ್ತು ಬಂತು.

ಅವರ ನಗು ಮುಗಿಯುವಷ್ಟರಲ್ಲಿ ನನಗೆ ಬಾಬಾ ಬುಡನ್ ನೆನಪಾದರು. ಹದಿನೇಳನೆಯ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಯೆಮನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ಬಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಕಥೆಯನ್ನು ಚಿಕ್ಕಮಗಳೂರಿನ ಮಕ್ಕಳೂ ಹೇಳುತ್ತಾರೆ. ಕಥೆಯಲ್ಲಿ ಎಲ್ಲರೂ ಬಚ್ಚಿಟ್ಟ ಜಾಣ್ಮೆಯನ್ನು ಹೊಗಳುತ್ತಾರೆ. ನನಗೀಗ ಆ ಸಂಖ್ಯೆಯೇ ದೊಡ್ಡದಾಗಿ ಕಂಡಿತು. ಏಳು ಬೀಜದಲ್ಲಿ ಒಂದು ಗುಟುಕು ಕಾಫಿಯೂ ಆಗದು. ಕುಡಿಯುವ ಆಸೆಯಿದ್ದವರು ಚೀಲ ತರುತ್ತಿದ್ದರು. ಏಳು ತಂದವರಿಗೆ ತಮ್ಮ ಲೋಟದ ಯೋಚನೆ ಇರಲಾರದು.

ಹಾಗೆಂದು ಆರು ವರ್ಷ ಕಾದ ನಾಲಿಗೆಗೆ ಬರೀ ಆದರ್ಶ ಸಾಕಾಗುವುದಿಲ್ಲ. ಕಾಫಿಯೆಂದರೆ ಹುರಿದ ಬೀಜವೆಂದು ನಾವು ತಿಳಿದಿದ್ದೇವೆ. ಹಳಬರು ಗಿಡದ ಯಾವ ಭಾಗವನ್ನೂ ಬಿಟ್ಟವರಲ್ಲ. ಇಥಿಯೋಪಿಯಾದ ಒರೊಮೊ ಜನ ಬೀಜ ಹುರಿದು ಕುಟ್ಟಿ ಬೆಣ್ಣೆಯಲ್ಲಿ ಉಂಡೆ ಕಟ್ಟಿ ದಾರಿಬುತ್ತಿ ಮಾಡಿಕೊಳ್ಳುತ್ತಿದ್ದರು. ಪಶ್ಚಿಮ ಸುಮಾತ್ರಾದಲ್ಲಿ ಎಲೆಯನ್ನೇ ಬೆಂಕಿಗೆ ಹಿಡಿದು ಒಣಗಿಸಿ, ಕುದಿಸಿ, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಾರೆ. ನಮ್ಮಲ್ಲಿ ಮುದಿ ಗಿಡದ ಬೊಡ್ಡೆ ಟೀಪಾಯಿಯ ಕಾಲಾಗುತ್ತದೆ, ಕಾಂಡ ಅಜ್ಜನ ಊರುಗೋಲಾಗುತ್ತದೆ, ಹಣ್ಣಿನ ಸಿಹಿ ಲೋಳೆ ತೋಟದ ಮಕ್ಕಳ ಬಾಯಿಗೆ. ಯೆಮನ್ನಿನವರು ಒಣಗಿದ ಸಿಪ್ಪೆಯನ್ನು ಶುಂಠಿಯ ಜೊತೆ ಕುದಿಸಿ ಕಿಶ್ರ್ ಎಂದು ಕುಡಿಯುತ್ತಾರೆ.

ಅದೇ ದಾರಿ ತೋರಿತು. ಸಿಪ್ಪೆ ಸುಲಿದು ನಾಲ್ಕು ದಿನ ತಾರಸಿಯಲ್ಲಿ ಒಣಗಿಸಿ, ಶುಂಠಿ ಜಜ್ಜಿ ಹಾಕಿ ಕುದಿಸಿದೆ. ಮಲೆನಾಡಿನ ಋಣಕ್ಕೆ ಒಂದು ಚೂರು ಬೆಲ್ಲ. ಮೂರು ಜನಕ್ಕೆ ಮೂರು ಗುಟುಕು. ಒಣದ್ರಾಕ್ಷಿ ನೆನೆಸಿದ ನೀರಿನಂಥ ರುಚಿ. ಹೆಂಡತಿ ಲೋಟ ಕೆಳಗಿಟ್ಟು, "ಕಷಾಯ ಚೆನ್ನಾಗಿದೆ. ಈಗ ಕಾಫಿ ಕುಡಿಯೋಣ" ಎಂದು ಫಿಲ್ಟರಿನ ಕಡೆ ಹೋದಳು.

ಬೀಜ ಮಾತ್ರ ಹುರಿಯಲಿಲ್ಲ. ಕಾಫಿ ಬೀಜ ರಾಗಿಯಂತೆ ವರ್ಷಗಟ್ಟಲೆ ಕಾಯುವುದಿಲ್ಲ, ಕೆಲವೇ ತಿಂಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಬೂದಿಯನ್ನು ಇಸ್ತ್ರಿಯಂಗಡಿಯಿಂದ ಬೇಡಿ ತಂದು ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಚಪ್ಪಟೆ ಮುಖ ಕೆಳಗೆ ಮಾಡಿ ಮರಳುಮಣ್ಣಿನ ಟ್ರೇಯಲ್ಲಿ ಊರಿದೆ. ಒಂದೂವರೆ ತಿಂಗಳ ಮೇಲೆ ಮೊದಲನೆಯದು ಬಗ್ಗಿದ ಕತ್ತನ್ನು ನೆಟ್ಟಗೆ ಮಾಡಿ, ತನ್ನ ಬೀಜವನ್ನೇ ತಲೆಯ ಮೇಲೆ ಹೊತ್ತು ಎದ್ದಿತು. ನರ್ಸರಿಯವರು ಇದನ್ನು ಟೋಪಿ ಹಂತ ಎನ್ನುತ್ತಾರೆ.

ಈಗ ಬಾಲ್ಕನಿಯಲ್ಲಿ ಪಂಚೆಯ ನೆರಳಿನಲ್ಲಿ ಟೋಪಿ ಹಾಕಿದ ಮೂವತ್ತೊಂದು ಮಂದಿ ನಿಂತಿದ್ದಾರೆ. ಅಷ್ಟಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಐದು ಮನೆಗೆ ಆಗಲೇ ಮಾತು ಕೊಟ್ಟಾಗಿದೆ. ಕೊಡುವಾಗ ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದೇನೆ: ಚರಟ ಸುರಿಯಬೇಡಿ, ಮತ್ತು ಗಿಡ ದೊಡ್ಡದಾದ ಮೇಲೆ ಜನವರಿ ಬಂದಾಗ ನೀರಿನ ಕೈ ಸ್ವಲ್ಪ ಹಿಡಿಯಿರಿ.